ದಾಸಿಯ ಕಿರುಬೆರಳು

ಕೋಟೆಯ ಟಿಕೆಟ್ ಕಿಂಡಿಯೊಳಗಿನ ಹೆಂಗಸು ತಲೆ ಎತ್ತದೆಯೇ "ಎಷ್ಟು ಜನ?" ಎಂದು ಕೇಳಿದಳು. ಚಿಕ್ಕಮ್ಮನ ಅಕ್ಕಪಕ್ಕ ಒಂದು ಬೆಕ್ಕೂ ಇರಲಿಲ್ಲ. ತಲೆ ಎತ್ತಿದ್ದರೆ ಕಾಣುತ್ತಿತ್ತು, ಆದರೆ ತಲೆ ಎತ್ತಿ ಕೇಳಬೇಕೆಂಬ ಕಾನೂನು ಎಲ್ಲೂ ಇಲ್ಲವಲ್ಲ. "ಒಂದು" ಎಂದರೆ ಮುಗಿಯುತ್ತಿತ್ತು. ಚಿಕ್ಕಮ್ಮ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದಳು, ಜೊತೆಗೆ ಬಂದವರು ಚಪ್ಪಲಿ ಸರಿಮಾಡಿಕೊಳ್ಳುತ್ತಾ ಹಿಂದೆ ಉಳಿದಿದ್ದಾರೇನೋ ಎಂಬಂತೆ. ಆಮೇಲೆ "ಒಂದೇ ಕೊಡಿ" ಎಂದಳು.

ಅವಳನ್ನು ಇಡೀ ಬೀದಿ ಚಿಕ್ಕಮ್ಮ ಎಂದೇ ಕರೆಯುತ್ತದೆ. ಮೊದಲು ಹಾಗೆ ಕರೆದವನು ಅಕ್ಕನ ಮಗ, ರಜೆಗೆ ಬಂದಾಗ. ಅವನ ಬಾಯಿಂದ ಪಕ್ಕದ ಬೀಗದಂಗಡಿಯವರು ಕಲಿತರು, ಅವರ ಬಾಯಿಂದ ಗಿರಾಕಿಗಳು ಕಲಿತರು. ಅವಳದು ಬಟ್ಟೆ ಸರಿಮಾಡುವ ಅಂಗಡಿ. ಉದ್ದವಿದ್ದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು, ಜಿಪ್ಪು ಬದಲಿಸುವುದು. ಪ್ಯಾಂಟಿನ ಕಾಲು ಮಡಚಿಸಲು ಬರುವ ನರೆತ ಮೀಸೆಯ ಗಂಡಸರಿಗೂ ಅವಳು ಚಿಕ್ಕಮ್ಮನೇ. ಮದುವೆ ಇಲ್ಲ, ಮಕ್ಕಳಿಲ್ಲ, ಊರಿಗೆಲ್ಲ ಚಿಕ್ಕಮ್ಮ. ಆದರೆ ಒಬ್ಬಳು ಚಿಕ್ಕಮ್ಮ ಆಗಬೇಕಾದರೆ ಎಲ್ಲೋ ಒಬ್ಬ ಅಕ್ಕ ಇರಲೇಬೇಕು, ಆ ಅಕ್ಕ ಹೋಗಿ ಆರು ತಿಂಗಳಾಗಿತ್ತು.

ಹೋದ ಸುದ್ದಿ ಬಂದದ್ದು ಎಲ್ಲ ಮುಗಿದ ಮೇಲೆ. "ಅಷ್ಟು ದೂರ ನಿಮಗೆ ಬರೋಕಾಗಲ್ಲ, ಸುಮ್ನೆ ಒದ್ದಾಡ್ತೀರಿ ಅಂತ ಹೇಳ್ಲಿಲ್ಲ ಚಿಕ್ಕಮ್ಮ" ಎಂದ ಅಕ್ಕನ ಮಗ, ಫೋನಿನಲ್ಲಿ. ಒಳ್ಳೆಯವನೇ ಅವನು. ಒಳ್ಳೆಯವರು ಮಾಡುವ ಕೆಡುಕಿಗೆ ಬೈಯುವುದಕ್ಕೂ ಬರುವುದಿಲ್ಲ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗೆ ಚಿಕ್ಕಮ್ಮ ಬಸ್ಸು ಹಿಡಿದು ಹೋಗಿ, ಖಾಲಿ ಹಾಸಿಗೆಯ ಪಕ್ಕ ಒಂದು ಗಂಟೆ ಕೂತು, ಅವರು ಕೊಟ್ಟ ಅಕ್ಕನ ಸ್ವೆಟರೊಂದನ್ನು ಮಡಚಿಕೊಂಡು ವಾಪಸ್ಸು ಬಂದಳು. ಕೊನೆಯ ಸಲ ಮುಖ ನೋಡಲಿಲ್ಲ.

ಅಲ್ಲಿಂದ ಶುರುವಾಯಿತು ಪೀಡೆ. ಕಣ್ಣು ಮುಚ್ಚಿದರೆ ಅಕ್ಕನ ದನಿ ಬರುತ್ತದೆ, ಬೈಗುಳ ಬರುತ್ತದೆ, ಮೆಟ್ಟಿಲು ಹತ್ತುವಾಗಿನ ಏದುಸಿರು ಬರುತ್ತದೆ, ಮುಖ ಬರುವುದಿಲ್ಲ. ಫೋಟೋ ನೋಡಬಾರದೇ ಎಂದು ಕೇಳುವಿರಿ. ಅಲ್ಲೇ ಇರುವುದು ಪೇಚು. ಅಕ್ಕ ಹುಟ್ಟಿದ್ದೇ ಅಲುಗಾಡುವುದಕ್ಕೆ. ಕ್ಯಾಮೆರಾ ಕಂಡರೆ ಸಾಕು, ಒಂದೋ ನಗು ಬರುತ್ತಿತ್ತು, ಇಲ್ಲವೇ ಸೀನು. ಒಂದು ಫೋಟೋದಲ್ಲಿ ಮುಖಕ್ಕೆ ಕೈ ಅಡ್ಡ, ಇನ್ನೊಂದರಲ್ಲಿ ಬರೀ ಬೆನ್ನು, ಮದುವೆಯ ಫೋಟೋದಲ್ಲಿ ಅವಳಿಗೆ ಎರಡು ಮೂಗು. ಆಯುಸ್ಸಿನಲ್ಲಿ ಒಂದೇ ಒಂದು ಸಲ ಅವಳ ಮುಖ ಅಲುಗಾಡದೆ ಕೂತದ್ದು ಅಪ್ಪ ಬೊಂಬೆಯ ಅಚ್ಚಿಗೆಂದು ಅದರ ಮೇಲೆ ಪ್ಲಾಸ್ಟರ್ ಮೆತ್ತಿದಾಗ. ಆ ಮುಖ ಈ ಸರೋವರದ ದಂಡೆಯ ಕೋಟೆಯೊಳಗಿದೆ. ಅದನ್ನು ಕಣ್ತುಂಬ ನೋಡಿ ಬರಬೇಕು, ಮತ್ತೆ ಮರೆಯದ ಹಾಗೆ ನೋಡಬೇಕು ಎಂದೇ ಚಿಕ್ಕಮ್ಮ ಅಂಗಡಿಗೆ ಬೀಗ ಹಾಕಿ ಅರ್ಧ ದಿನದ ಬಸ್ಸು ಹತ್ತಿ ಬಂದಿದ್ದಳು.

ಕೋಟೆ ನೀರಿನೊಳಕ್ಕೆ ಕಾಲು ಚಾಚಿ ಕೂತಿದೆ. ಮರದ ಸೇತುವೆ ದಾಟಿ ಒಳಗೆ ಹೋಗಬೇಕು. ಒಳಗೆ ಮೂರು ಮ್ಯೂಸಿಯಂಗಳು: ಮೊದಲು ಆಯುಧಗಳದ್ದು, ಆಮೇಲೆ ದೋಣಿಗಳದ್ದು, ಕೊನೆಗೆ ರಾಣಿವಾಸ. ಸೀದಾ ಕೊನೆಯದಕ್ಕೆ ಹೋಗುವ ಹಾಗಿಲ್ಲ. ನೆಲದ ಮೇಲೆ ಕೆಂಪು ಬಾಣಗಳಿವೆ, ಬಾಣ ಹೇಳಿದ ಹಾಗೆ ನಡೆಯಬೇಕು. ಬದುಕಿದ್ದ ರಾಜರಿಗೂ ಇಷ್ಟು ಶಿಸ್ತು ಇತ್ತೋ ಇಲ್ಲವೋ.

ಆಯುಧಗಳ ಕೋಣೆಯಲ್ಲಿ ಚಿಕ್ಕಮ್ಮನಿಗೆ ನೋಡುವಂಥದ್ದು ಏನೂ ಇರಲಿಲ್ಲ. ಒಬ್ಬ ಮನುಷ್ಯ ಸಾಯುವುದಕ್ಕೆ ಒಂದು ಸಣ್ಣ ಜ್ವರ ಸಾಕು, ಅದಕ್ಕೆ ಇಷ್ಟು ಬಗೆಯ ಕಬ್ಬಿಣ ಯಾಕೆ ಬೇಕಿತ್ತೋ. ಅವಳು ನಿಂತದ್ದು ಒಂದೇ ಕಡೆ: ಕಬ್ಬಿಣದ ಕವಚದ ಒಳಗೆ ತೊಡುವ ದಪ್ಪ ಹತ್ತಿಯ ಅಂಗಿಯ ಮುಂದೆ. ಕಂಕುಳಲ್ಲಿ ಯಾರೋ ಬಿಚ್ಚಿ ಮತ್ತೆ ಹೊಲಿದಿದ್ದರು. ಸಿಪಾಯಿ ದಪ್ಪಗಾಗಿದ್ದ. "ನೋಡೇ, ಎಲ್ಲ ಕಾಲದಲ್ಲೂ ಅದೇ ರಾಮಾಯಣ" ಎಂದು ಪಕ್ಕಕ್ಕೆ ತಿರುಗಿ ಹೇಳಬೇಕೆಂದು ಬಾಯಿ ತೆರೆದಳು, ಪಕ್ಕದಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ನಿಂತಿತ್ತು. ಬಾಯಿ ಮುಚ್ಚಿಕೊಂಡು ಬಾಣ ಹಿಡಿದಳು.

ದೋಣಿಗಳ ಕೋಣೆಯಲ್ಲಿ ಕಿಟಕಿಯ ಕೆಳಗೆ ಒಂದು ಬೆಂಚು ಸಿಕ್ಕಿತು. ಹೊರಗೆ ಸರೋವರ ಬೂದಿ ಬಣ್ಣಕ್ಕಿತ್ತು. ಬಾತುಕೋಳಿಗಳು ಜೋಡಿ ಜೋಡಿಯಾಗಿ ಹೋಗುತ್ತಿದ್ದವು, ಅವಕ್ಕೂ ಇವತ್ತೇ ಆಗಬೇಕಿತ್ತೇ ಎನ್ನಿಸಿತು. ಚಿಕ್ಕಮ್ಮ ಕೂತು ಮಂಡಿ ಒತ್ತಿಕೊಂಡಳು. ಕೂತರೆ ಅಪ್ಪನ ಶೆಡ್ಡು ನೆನಪಾಗದೆ ಇರುತ್ತದೆಯೇ.

ಅಪ್ಪ ಬೊಂಬೆ ಮಾಡುತ್ತಿದ್ದ. ಬಟ್ಟೆ ಅಂಗಡಿಗಳ ಗಾಜಿನೊಳಗೆ ನಿಲ್ಲುವ ಆಳೆತ್ತರದ ಬೊಂಬೆಗಳು. ಕೋಟೆಯವರು ರಾಣಿವಾಸಕ್ಕೆ ರಾಣಿಯೊಬ್ಬಳು, ಅವಳ ಜಡೆ ಹೆಣೆಯುವ ದಾಸಿಯೊಬ್ಬಳು ಬೇಕು ಎಂದು ಬಂದಾಗ ಅಪ್ಪ ಉಬ್ಬಿಹೋದ. ಅಂಗಡಿ ಬೊಂಬೆಯ ಸಪ್ಪೆ ಮುಖ ರಾಣಿಗೆ ಆಗುವುದಿಲ್ಲ, ಜೀವಂತ ಮುಖದಿಂದಲೇ ಅಚ್ಚು ತೆಗೆಯಬೇಕು ಎಂದ. "ಮನೇಲೇ ಎರಡು ಬೊಂಬೆ ತಿಂದ್ಕೊಂಡು ಓಡಾಡ್ತಿರುವಾಗ ಹೊರಗೆ ಯಾಕೆ ಹುಡುಕ್ಲಿ?" ಅಕ್ಕನ ಮೂಗಿನ ಹೊಳ್ಳೆಗೆ ಎರಡು ಕೊಳವೆ ಸಿಕ್ಕಿಸಿ, ಹುಬ್ಬಿಗೆ ವ್ಯಾಸಲೀನ್ ಬಳಿದು, ಮುಖದ ಅಚ್ಚು ತೆಗೆದದ್ದಾಯಿತು. ಪ್ಲಾಸ್ಟರಿನಲ್ಲಿ ಮುಚ್ಚಿದ್ದ ಕಣ್ಣನ್ನು ಅಪ್ಪ ಕೊರೆದು ಗಾಜಿನ ಕಣ್ಣು ಕೂರಿಸಿದ. ಎಲ್ಲ ಚೆನ್ನಾಗಿತ್ತು, ಕಣ್ಣು ಮಾತ್ರ ತುಸು ದೊಡ್ಡದಾಯಿತು. ಹಾಲು ಉಕ್ಕುವುದನ್ನು ದೂರದಿಂದ ನೋಡಿದವಳ ಹಾಗೆ ಆಗಿಹೋಗಿದ್ದಳು ರಾಣಿ. ಅಕ್ಕತಂಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಕೈ ತಂಗಿಯದು. ದಾಸಿಯ ಮುಖಕ್ಕೆ ಅಂಗಡಿ ಬೊಂಬೆಯ ಹಳೇ ಅಚ್ಚೇ ಸಾಕಿತ್ತು, ಕೈ ಮಾತ್ರ ಜಡೆ ಹಿಡಿದಿರಬೇಕು, ಸುಮ್ಮನೆ ಹಗ್ಗ ಕೊಟ್ಟರೆ ಹಿಡಿತ ಸುಳ್ಳಾಗುತ್ತದೆ ಎಂದು ಅಪ್ಪ ಅಕ್ಕನನ್ನೇ ಸ್ಟೂಲಿನ ಮೇಲೆ ಕೂರಿಸಿ, ಅವಳ ಜಡೆಯನ್ನೇ ತಂಗಿಯ ಕೈಗೆ ಕೊಟ್ಟ. ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಎಂದು ಗಾದೆ ಮಾಡಿದವನು ಆ ಶೆಡ್ಡಿಗೆ ಬಂದು ನೋಡಬೇಕಿತ್ತು. ಒಂದೇ ಜಡೆಗೆ ಇಬ್ಬರೂ ಸಿಕ್ಕಿಕೊಂಡಿದ್ದರು.

ಅಪ್ಪ ಒದ್ದೆ ಪ್ಲಾಸ್ಟರ್ ಮೆತ್ತುತ್ತಿದ್ದಾಗ ಅಕ್ಕ ತಲೆ ಆಡಿಸದೆ, ಬಹಳ ಗಂಭೀರವಾಗಿ, "ನನ್ನ ಬೆನ್ನ ಮೇಲೆ ಇರುವೆ ಹತ್ತಿತ್ತು ಕಣೇ. ಈಗ ಜಡೆ ಹಿಡ್ಕೊಂಡು ನಿನ್ನ ಕಡೆಗೇ ಹೊರಟಿದೆ" ಎಂದಳು. ಇರುವೆಯೂ ಇಲ್ಲ, ಗಿರುವೆಯೂ ಇಲ್ಲ. ತಂಗಿಗೆ ಇರುವೆ ಕಂಡರೆ ಪ್ರಾಣ ಹೋಗುತ್ತದೆ ಎಂಬುದು ಅವಳಿಗೆ ಗೊತ್ತು, ಅಷ್ಟೇ. ತಂಗಿಯ ಎಡಗೈಯ ಕಿರುಬೆರಳು ಸಟಕ್ಕನೆ ಮೇಲೆದ್ದಿತು. ಪ್ಲಾಸ್ಟರು ಅದನ್ನು ಹಾಗೆಯೇ ಹಿಡಿದುಕೊಂಡಿತು. ಅಪ್ಪ ಹಲ್ಲು ಕಡಿದ, ಆದರೆ ಮತ್ತೊಂದು ಸಲ ಕಲಸುವಷ್ಟು ಪುಡಿ ಇರಲಿಲ್ಲ.

ಕಿರುಬೆರಳಿನ ಗಲಾಟೆಯಲ್ಲಿ ಯಾರಿಗೂ ಹೊಳೆಯದ ಸಂಗತಿ ಇನ್ನೊಂದಿತ್ತು. ಕೈಗೆ ಎಣ್ಣೆ ಬಳಿದಿದ್ದ ಅಪ್ಪ ಜಡೆಗೆ ಬಳಿಯುವುದನ್ನು ಮರೆತಿದ್ದ. ಕೈ ಬಂತು, ಜಡೆ ಬರಲಿಲ್ಲ. ಒಂದೊಂದು ಕೂದಲನ್ನೂ ಪ್ಲಾಸ್ಟರು ಕಚ್ಚಿ ಹಿಡಿದಿತ್ತು. ಎಳೆದರು, ಬಿಸಿನೀರು ಹಾಕಿದರು, ಅಪ್ಪನ ಬಾಯಲ್ಲಿ ಬರಬಾರದ ಮಾತೆಲ್ಲ ಬಂತು, ಕೊನೆಗೆ ಕತ್ತರಿಯೇ ಗತಿಯಾಯಿತು. ಅಕ್ಕನ ಮದುವೆಗೆ ಎರಡು ವಾರವಿತ್ತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಗೊಳೋ ಎಂದು ಅತ್ತಳು. ಆಮೇಲೆ ಹೊರಗೆ ಬಂದು, ಕತ್ತಿನ ಹಿಂದೆ ಕೈಯಾಡಿಸಿಕೊಂಡು, "ಹೋಗ್ಲಿ ಬಿಡಪ್ಪ. ಜಡೆ ಹೋಯ್ತು, ತಲೆ ಉಳೀತಲ್ಲ" ಎಂದಳು. ಆ ಮಾತು ಮನೆಯಲ್ಲಿ ಗಾದೆಯಾಗಿ ಉಳಿಯಿತು. ಪಾತ್ರೆ ಒಡೆದರೆ, ಬಸ್ಸು ತಪ್ಪಿದರೆ, ಅಪ್ಪನ ಶೆಡ್ಡು ಮಾರಿಹೋದಾಗ, ಎಲ್ಲದಕ್ಕೂ ಅದೇ ಮಾತು. ಅಪ್ಪ ಆ ಜಡೆಯನ್ನು ಬಿಸಾಡಲಿಲ್ಲ. ದಾಸಿಯ ಪ್ಲಾಸ್ಟರ್ ಕೈಯೊಳಗೆ ಅದನ್ನೇ ಸೇರಿಸಿ ಅಂಟು ಹಾಕಿ, ಮೇಲಿನ ತುದಿಯನ್ನು ರಾಣಿಯ ತಲೆಗೆ ಹೊಲಿದ. ರಾಣಿಯದು ನಿಜವಾದ ಕೂದಲು ಎಂದು ಕೋಟೆಯವರು ಮೆಚ್ಚಿಕೊಂಡರು.

ಮ್ಯೂಸಿಯಂ ತೆರೆದ ವರ್ಷ ಮೂವರೂ ಬಂದು ನೋಡಿಹೋಗಿದ್ದರು. ಆಮೇಲೆ ಪ್ರತಿ ಭಾನುವಾರದ ಫೋನಿನಲ್ಲೂ "ಒಂದ್ಸಲ ಹೋಗೋಣ ಕಣೆ, ನನ್ನ ಮುಖ ನೋಡ್ಕೊಂಡು ಬರೋಣ" ಎನ್ನುತ್ತಿದ್ದಳು ಅಕ್ಕ. ಇವಳು "ಅಂಗಡಿ" ಎನ್ನುತ್ತಿದ್ದಳು. ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ ಎಂಬುದು ಈಗ ಬೀಗ ಹಾಕಿ ಬಂದ ಮೇಲೆ ಗೊತ್ತಾಯಿತು. ಚಿಕ್ಕಮ್ಮ ಬೆಂಚಿನಿಂದೆದ್ದು ಸೀರೆಯ ನೆರಿಗೆ ಸರಿಮಾಡಿಕೊಂಡು, ಯಾರನ್ನೋ ಭೇಟಿಯಾಗಲು ಹೋಗುವವರ ಹಾಗೆ ಬಾಚಣಿಗೆಯಿಂದ ಮುಂಗೂದಲು ತೀಡಿಕೊಂಡು ರಾಣಿವಾಸಕ್ಕೆ ಹೊರಟಳು.

ಬಾಗಿಲಲ್ಲಿ ಹಗ್ಗ ಕಟ್ಟಿದ್ದರು. ಹಗ್ಗದಾಚೆ ಅದೇ ಹಾಸಿಗೆ, ಅದೇ ಕನ್ನಡಿ, ಅದೇ ಕೆಂಪು ಪರದೆ. ಕಿಟಕಿಯ ಪಕ್ಕ ರಾಣಿ ಕೂತಿದ್ದಳು, ಹಿಂದೆ ದಾಸಿ ನಿಂತಿದ್ದಳು. ಇಬ್ಬರಿಗೂ ಮುಖ ಇರಲಿಲ್ಲ. ಕುತ್ತಿಗೆಯ ಮೇಲೆ ಬಿಳಿ ಮೊಟ್ಟೆಯಂಥ ತಲೆಗಳು; ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ.

ಚಿಕ್ಕಮ್ಮ ಹಗ್ಗ ಹಿಡಿದು ನಿಂತಳು. ಬೆಳಕು ಬಿದ್ದು ಹಾಗೆ ಕಾಣುತ್ತಿದೆಯೇನೋ ಎಂದು ಆ ಕಡೆ ಸರಿದು ನೋಡಿದಳು, ಈ ಕಡೆ ಸರಿದು ನೋಡಿದಳು. ಎಲ್ಲಿಂದ ನೋಡಿದರೂ ಮೊಟ್ಟೆಯೇ. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಕಾವಲುಗಾರನ ಹತ್ತಿರ ಹೋದಳು. ವಯಸ್ಸಾದ ಮನುಷ್ಯ, ಒಂದು ಕಾಲು ಮುಂದಕ್ಕೆ ನೀಡಿಕೊಂಡಿದ್ದ. ಅವನಿಗೂ ಮಂಡಿ ನೋವಿರಬೇಕು.

"ರಾಣಿ ಮುಖ ಎಲ್ಲಿ ಹೋಯ್ತು?"

"ಬದಲಾಯಿಸಿದ್ರಮ್ಮ. ಹೋದ ವರ್ಷ. ಮಕ್ಕಳು ಹೆದರ್ಕೋತಾರೆ ಅಂದ್ರು. ಈಗ ಎಲ್ಲಾ ಕಡೆ ಹಿಂಗೇ ಅಂತೆ, ಮುಖ ಇರಲ್ಲ."

"ಹಳೇದು ಎಲ್ಲಿಟ್ಟಿದಾರೆ? ಒಳಗಡೆ ಇದ್ರೆ ಒಂದ್ಸಲ ತೋರಿಸ್ತೀರಾ? ದೂರದಿಂದ ಬಂದಿದೀನಿ."

ಕಾವಲುಗಾರ ಕಾಲು ಮಡಚಿಕೊಂಡು ಸರಿಯಾಗಿ ಕೂತ. ಈಕೆಯ ದನಿಯಲ್ಲಿ ಏನು ಕೇಳಿಸಿತೋ. "ಉಳೀಲಿಲ್ಲಮ್ಮ" ಎಂದ. "ಕುತ್ತಿಗೆ ಒಳಗಿನ ಕಂಬಿ ತುಕ್ಕು ಹಿಡಿದಿತ್ತು. ಎತ್ತಿದ್ವಿ ನೋಡಿ, ಅಲ್ಲೇ ಬಿರುಕು ಬಿಡ್ತು. ನಾನೇ ಹಿಡ್ಕೊಂಡಿದ್ದೆ, ಕೈಯಲ್ಲೇ ಪುಡಿಯಾಗ್ಹೋಯ್ತು."

ಅಷ್ಟೇ. ಇಷ್ಟು ದೂರ ಬಂದು ಎರಡನೇ ಸಲವೂ ತಡವಾಗಿತ್ತು. ಚಿಕ್ಕಮ್ಮನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕೋಟೆಯವರ ಮೇಲಲ್ಲ, ಅಕ್ಕನ ಮಗನ ಮೇಲೂ ಅಲ್ಲ, ತನ್ನ ಅಂಗಡಿಯ ಮೇಲೆ, ಯಾರ್ಯಾರದೋ ಪ್ಯಾಂಟುಗಳ ಮೇಲೆ. ಹೋದ ಪುಟ್ಟ ಬಂದ ಪುಟ್ಟ ಅಂತ ಆಯಿತು ತನ್ನ ಬಾಳು ಎಂದುಕೊಂಡಳು.

ಅವಳು ಅಲ್ಲಾಡದೆ ನಿಂತದ್ದು ನೋಡಿ ಕಾವಲುಗಾರನೇ ಮಾತು ಮುಂದುವರಿಸಿದ. "ನನಗೂ ಬೇಜಾರಾಯ್ತಮ್ಮ. ಹನ್ನೆರಡು ವರ್ಷ ದಿನಾ ಎದುರುಬದುರು ಕೂತಿದ್ವಿ. ಒಂಥರಾ ಮುಖ ಅದು. ಯಾರೋ ಬಾಗಿಲು ಬಡಿದ್ರು ಅನ್ನೋ ಹಾಗೆ ಕಣ್ಣು ಬಿಟ್ಕೊಂಡಿರ್ತಿದ್ಲು. ಒಂದು ಹುಬ್ಬು ಇನ್ನೊಂದಕ್ಕಿಂತ ಸ್ವಲ್ಪ ಮೇಲೆ. ಇವತ್ತು ಏನೋ ತಮಾಷೆ ಮಾಡ್ತಾಳೆ ಅನ್ಸೋದು."

"ಎಡಗಡೆ ಹುಬ್ಬು" ಎಂದಳು ಚಿಕ್ಕಮ್ಮ.

"ಹೌದು, ಎಡಗಡೆ."

ಆ ಹುಬ್ಬು ಬಂತು. ಆರು ತಿಂಗಳಿಂದ ಎಷ್ಟು ಕರೆದರೂ ಬಾರದ್ದು ಈಗ ಬಂತು: ಎಡ ಹುಬ್ಬು, ಅದರ ತುದಿಯ ಚೂರು ಕೂದಲು ಮೇಲಕ್ಕೆ ತಿರುಗಿದ್ದು. ಹುಬ್ಬಿನ ಹಿಂದೆ ಕಣ್ಣು ಬರುತ್ತದೇನೋ ಎಂದು ಉಸಿರು ಹಿಡಿದು ಕಾದಳು. ಬರಲಿಲ್ಲ. ಹುಬ್ಬು ಮಾತ್ರ ಉಳಿಯಿತು.

ಅವಳು ಮತ್ತೆ ಹಗ್ಗದ ಹತ್ತಿರ ಹೋದಳು. ಈಗ ಕಣ್ಣು ತಲೆಗಳನ್ನು ಬಿಟ್ಟು ಕೆಳಗಿಳಿಯಿತು. ಮೈ ಹಳೆಯದೇ, ಕೈಯೂ ಹಳೆಯದೇ. ದಾಸಿಯ ಕೈಗಳು ನುಣುಪಾಗಿದ್ದವು, ಗೆಣ್ಣುಗಳು ಇನ್ನೂ ಊದಿರಲಿಲ್ಲ. ಎಡಗೈಯ ಕಿರುಬೆರಳು ನೆಟ್ಟಗೆ ಮೇಲೆದ್ದು ನಿಂತಿತ್ತು. ಕೈಗಳ ನಡುವೆ ಜಡೆ ಇತ್ತು.

"ಜಡೆ ಬದಲಾಯಿಸ್ಲಿಲ್ವಾ?"

"ಹೊಸದು ತಂದಿದ್ರು. ಆದ್ರೆ ಈ ಕೈ ಬಿಡಲೇ ಇಲ್ಲಮ್ಮ. ಎಳೆದ್ರೆ ಬೆರಳು ಮುರಿಯೋ ಹಾಗಾಯ್ತು. ಆಮೇಲೆ ಇರಲಿ ಅಂತ ಇದನ್ನೇ ಹೊಸ ತಲೆಗೆ ಹೊಲಿದ್ರು."

ತಲೆ ಹೋಯಿತು, ಜಡೆ ಉಳಿಯಿತು. ಅಕ್ಕನ ಮಾತು ತಿರುಗುಮುರುಗಾಗಿ ಬಂದು ಎದುರಿಗೆ ನಿಂತಿತು. ಚಿಕ್ಕಮ್ಮ ಜಡೆಯನ್ನೇ ನೋಡಿದಳು. ಧೂಳು ಕೂತಿತ್ತು, ಬಣ್ಣ ಸ್ವಲ್ಪ ಕೆಂಪಾಗಿತ್ತು, ಆದರೆ ಒಂದು ನರೆಗೂದಲೂ ಇರಲಿಲ್ಲ. ಅಕ್ಕನ ಮೈಯಲ್ಲಿ ಮುದುಕಿಯಾಗದೆ ಉಳಿದದ್ದು ಇದೊಂದೇ. ತನ್ನ ಮೈಯಲ್ಲಿ ಉಳಿದದ್ದು ಆ ಎರಡು ಕೈ. ಅಂಗಡಿ, ಭಾನುವಾರದ ಫೋನು, ಅಕ್ಕನ ಗಂಡನ ಊರು, ಆಸ್ಪತ್ರೆ, ಎಲ್ಲ ನಡೆಯುತ್ತಿದ್ದಾಗಲೂ ಇಲ್ಲಿ ಈ ಕಿಟಕಿಯ ಪಕ್ಕದಲ್ಲಿ ತಾನು ಅಕ್ಕನ ಜಡೆ ಹಿಡಿದುಕೊಂಡೇ ನಿಂತಿದ್ದೆ ಎಂಬುದು ಅವಳಿಗೆ ಆಗ ತಿಳಿಯಿತು. ಎದೆಯೊಳಗೆ ನೋವು ಕಡಿಮೆಯಾಗಲಿಲ್ಲ, ಆದರೆ ಅದಕ್ಕೆ ಕೂರಲು ಒಂದು ಜಾಗ ಸಿಕ್ಕಿತು.

ಆಗಲೇ ಹಗ್ಗದ ಪಕ್ಕದ ಫಲಕ ಕಣ್ಣಿಗೆ ಬಿದ್ದದ್ದು. ಕನ್ನಡಿಯ ಬಗ್ಗೆ, ಪರದೆಯ ಬಗ್ಗೆ ಏನೇನೋ ಬರೆದು, ಕೊನೆಗೆ ಹೀಗಿತ್ತು: "ರಾಣಿಯ ಕೇಶವನ್ನು ಸ್ಪರ್ಶಿಸುವಾಗ ದಾಸಿಯರು ಕಿರುಬೆರಳನ್ನು ಎತ್ತಿ ಹಿಡಿಯುತ್ತಿದ್ದರು. ಇದು ಅಂದಿನ ಅರಮನೆಯ ಗೌರವಸೂಚಕ ಶಿಷ್ಟಾಚಾರವಾಗಿತ್ತು."

ಚಿಕ್ಕಮ್ಮ ಎರಡು ಸಲ ಓದಿದಳು. ಹೊಟ್ಟೆಯ ತಳದಿಂದ ನಗು ಎದ್ದು ಗಂಟಲಿಗೆ ಬಂದು ಅಲ್ಲೇ ನಿಂತುಬಿಟ್ಟಿತು. ಶಿಷ್ಟಾಚಾರವಂತೆ. ಅಕ್ಕ ಹೇಳಿದ ಇರುವೆಯ ಸುಳ್ಳು ಇಲ್ಲಿ ಇತಿಹಾಸವಾಗಿ ಕೂತಿತ್ತು. ಶಾಲೆಯ ಮಕ್ಕಳು ಇದನ್ನು ಬರೆದುಕೊಂಡು ಹೋಗುತ್ತಿರಬೇಕು. ಈ ಸುದ್ದಿ ಕೇಳಿದ್ದರೆ ಅಕ್ಕ ನೆಲದ ಮೇಲೆ ಬಿದ್ದು ಹೊರಳುತ್ತಿದ್ದಳು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ಓದು ಎನ್ನುತ್ತಿದ್ದಳು. ಭಾನುವಾರ ಬಂದರೆ ಫೋನು ಮಾಡಿ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಈ ಜನ್ಮದಲ್ಲಿ ಸಿಕ್ಕಿರಲಿಲ್ಲ. ಅಳುವುದಕ್ಕೆ ಒಬ್ಬರೇ ಸಾಕು, ಇಂಥ ನಗು ನಗುವುದಕ್ಕೆ ಇಬ್ಬರು ಬೇಕು. ಕಾವಲುಗಾರನಿಗೆ ಹೇಳೋಣವೆಂದರೆ ಶೆಡ್ಡಿನಿಂದ ಶುರುಮಾಡಬೇಕು, ಅಪ್ಪನಿಂದ, ಎಣ್ಣೆಯಿಂದ. ಅಷ್ಟೆಲ್ಲ ವಿವರಿಸಿದ ಮೇಲೆ ಅದು ನಗೆಯಾಗಿ ಉಳಿಯುವುದಿಲ್ಲ.

ಅಷ್ಟರಲ್ಲಿ ಗಂಡ ಹೆಂಡತಿ, ಸೊಂಟದ ಮೇಲೊಂದು ಮಗು, ಒಳಗೆ ಬಂದರು. ಮಗು ಮೊಟ್ಟೆ ತಲೆಗಳನ್ನು ನೋಡಿದ್ದೇ ತಡ ಅಮ್ಮನ ಕತ್ತಿನಲ್ಲಿ ಮುಖ ಹುದುಗಿಸಿತು. ಹೆದರುವ ಮಕ್ಕಳು ಮುಖವಿದ್ದರೂ ಹೆದರುತ್ತವೆ, ಇಲ್ಲದಿದ್ದರೂ ಹೆದರುತ್ತವೆ. ಗಂಡ ಫೋನು ಎತ್ತಿ ಹಿಡಿದು, ಕೆಳಗಿಳಿಸಿ, "ಸ್ವಲ್ಪ ಪಕ್ಕಕ್ಕೆ ಸರೀತೀರಾಮ್ಮ? ಫೋಟೋದಲ್ಲಿ ನೀವೂ ಬರ್ತಿದೀರ" ಎಂದ.

ಚಿಕ್ಕಮ್ಮ ಪಕ್ಕಕ್ಕೆ ಸರಿದಳು. "ಸರಿದ್ರೂ ಬರ್ತೀನಿ ಕಣಪ್ಪ" ಎಂದಳು ಮೆಲ್ಲಗೆ.

ಅವನಿಗೆ ಅರ್ಥವಾಗಲಿಲ್ಲ, ಮರ್ಯಾದೆಗೆ ಒಂದು ನಗೆ ನಕ್ಕು ಫೋಟೋ ತೆಗೆದ. ಅವಳು ಕತ್ತು ಚಾಚಿ ನೋಡುತ್ತಿದ್ದುದನ್ನು ಕಂಡು ಫೋನು ತಿರುಗಿಸಿ ತೋರಿಸಿದ. ಮುಖವಿಲ್ಲದ ರಾಣಿ, ಮುಖವಿಲ್ಲದ ದಾಸಿ, ನಡುವೆ ಜಡೆ, ಕಿರುಬೆರಳು. ಎಲ್ಲವೂ ಸ್ಪಷ್ಟವಾಗಿ ಬಂದಿದ್ದವು.

"ಈ ಸಲ ಅಲುಗಾಡಿಲ್ಲ" ಎಂದಳು ಚಿಕ್ಕಮ್ಮ.

"ನಿಮಗೂ ಕಳಿಸ್ಲಾ?" ಎಂದು ಕೇಳಿದ ಅವನು. ಅವಳು ನಂಬರು ಹೇಳಿದಳು, ಅವನು ಒತ್ತಿಕೊಂಡ. "ಏನಂತ ಹೆಸರು ಹಾಕ್ಲಿ?"

"ಚಿಕ್ಕಮ್ಮ ಅಂತ ಹಾಕ್ಕೋ."

"ಯಾರ ಚಿಕ್ಕಮ್ಮ?" ಎಂದ, ತಮಾಷೆಗೆ.

ಯಾರೂ ಯಾವತ್ತೂ ಕೇಳಿರದ ಪ್ರಶ್ನೆ. ಚಿಕ್ಕಮ್ಮ ಊದಿದ ಗೆಣ್ಣಿನ ಬೆರಳನ್ನು ಹಗ್ಗದಾಚೆಗೆ ಚಾಚಿ ಮೊಟ್ಟೆ ತಲೆಯ ರಾಣಿಯನ್ನು ತೋರಿಸಿದಳು. "ಅವಳ ಮಗನ ಚಿಕ್ಕಮ್ಮ" ಎಂದಳು.

ಗಂಡ ನಕ್ಕ, ಹೆಂಡತಿಯೂ ನಕ್ಕಳು. ಮುದುಕಿ ಪರವಾಗಿಲ್ಲ, ಒಳ್ಳೆ ಜೋಕು ಹೊಡೆಯುತ್ತಾಳೆ ಎಂದುಕೊಂಡಿರಬೇಕು. ಅವರ ನಗೆಯ ಜೊತೆಗೆ ಚಿಕ್ಕಮ್ಮನ ಗಂಟಲಿನಲ್ಲಿ ಸಿಕ್ಕಿಕೊಂಡಿದ್ದ ನಗುವೂ ಹೊರಗೆ ಬಂತು. ಜೋರಾಗಿಯೇ ಬಂತು, ಹಗ್ಗ ಹಿಡಿದುಕೊಂಡು ಬಗ್ಗಿ ನಗಬೇಕಾಯಿತು. ಗಂಡ ಹೆಂಡತಿ ಕೈಬೀಸಿ ಬಾಣ ಹಿಡಿದು ಹೊರಟುಹೋದರು, ಅವರ ಹೆಜ್ಜೆ ಸದ್ದು ಮೆಟ್ಟಿಲಿಳಿಯಿತು. ಚಿಕ್ಕಮ್ಮ ಇನ್ನೂ ನಗುತ್ತಲೇ ಇದ್ದಳು, ಹೆಗಲು ಕುಲುಕುತ್ತಲೇ ಇತ್ತು. ಅದು ಯಾವಾಗ ನಗೆಯಾಗಿ ಉಳಿಯಲಿಲ್ಲ ಎಂಬುದು ಅವಳಿಗೆ ಗೊತ್ತಾಗುವ ಮೊದಲೇ ಕಾವಲುಗಾರನಿಗೆ ಗೊತ್ತಾಯಿತು. ಅವನು ಮಂಡಿ ಹಿಡಿದುಕೊಂಡು ಎದ್ದು, ತನ್ನ ಕುರ್ಚಿಯನ್ನು ಎಳೆದು ತಂದು ಹಗ್ಗದ ಪಕ್ಕ, ಜಡೆಗೆ ಎದುರಾಗಿ ಹಾಕಿದ.

"ಕೂತ್ಕೊಳಿ" ಎಂದ. "ಮುಚ್ಚೋಕೆ ಇನ್ನೂ ಹೊತ್ತಿದೆ."